ಮಗುವಿನ ಲಸಿಕೆಗಳನ್ನು ದಿನ ತಪ್ಪದೆ ಹಾಕಿಸುವುದು ಹೇಗೆ

ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದ ಮಗಳು ಬಾಣಂತನ ಮುಗಿಸಿಕೊಂಡು ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಮರಳುವುದು ನಮ್ಮಲ್ಲಿ ವಾಡಿಕೆ. ಮಗುವಿಗೆ ಹದಿನಾಲ್ಕು ವಾರ ತುಂಬುವುದೂ ಹೆಚ್ಚುಕಡಿಮೆ ಇದೇ ಸಮಯದಲ್ಲಿ. ತವರೂರಿನ ಆಶಾ ಕಾರ್ಯಕರ್ತೆ ಮಗು ಊರು ಬಿಟ್ಟಿತೆಂದು ತಿಳಿದಿರುತ್ತಾರೆ, ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಮಗು ಬಂದಿರುವುದು ಇನ್ನೂ ಗೊತ್ತಾಗಿರುವುದಿಲ್ಲ, ಲಸಿಕೆಯ ದಿನಗಳನ್ನು ಬರೆದಿಡುವ ತಾಯಿ ಕಾರ್ಡ್ ಬಟ್ಟೆಬರೆಯ ಚೀಲದೊಳಗೆ ಎಲ್ಲೋ ಸೇರಿಹೋಗಿರುತ್ತದೆ. ಹೀಗೆ ಆ ಸುತ್ತಿನ ಲಸಿಕೆ ಒಂದು ತಿಂಗಳು, ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಲಸಿಕೆಯೇ ಬೇಡವೆಂದು ಹಟ ಹಿಡಿಯುವವರಿಗಿಂತ, ಹಾಕಿಸಬೇಕೆಂಬ ಮನಸ್ಸಿದ್ದೂ ದಿನ ತಪ್ಪಿಸಿಕೊಳ್ಳುವ ತಂದೆತಾಯಿಯರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಈ ಬರಹವನ್ನು ಮುಖ್ಯವಾಗಿ ಅವರನ್ನು ನೆನೆದು ಬರೆದಿದ್ದೇನೆ.

ತಡವಾದರೇನು, ಮುಂದಿನ ತಿಂಗಳು ಹಾಕಿಸಿದರಾಯಿತು ಎನ್ನುವಂತಿಲ್ಲ. ನಾಯಿಕೆಮ್ಮು ದೊಡ್ಡ ಮಕ್ಕಳನ್ನು ವಾರಗಟ್ಟಲೆ ಕಾಡಿಸಿ ಬಿಟ್ಟುಹೋಗಬಹುದು. ಆದರೆ ಆರು ತಿಂಗಳೊಳಗಿನ ಕೂಸಿಗೆ ಅದು ಕೆಮ್ಮಿನಂತೆ ಕಾಣಿಸಿಕೊಳ್ಳದೆ ಉಸಿರನ್ನೇ ನಿಲ್ಲಿಸಿಬಿಡಬಹುದು. ರೋಟಾವೈರಸ್ ಭೇದಿಯೂ ನ್ಯುಮೋನಿಯಾವೂ ತೀವ್ರವಾಗಿ ಕಾಡುವುದು ಮೊದಲ ಎರಡು ವರ್ಷದೊಳಗಿನ ಮಕ್ಕಳನ್ನೇ. ಯಾವ ರೋಗ ಯಾವ ವಯಸ್ಸಿನಲ್ಲಿ ಮಗುವಿನ ಮೇಲೆ ಎರಗುತ್ತದೆ ಮತ್ತು ಆ ವಯಸ್ಸಿನಲ್ಲಿ ಮಗುವಿನ ದೇಹ ಯಾವ ಲಸಿಕೆಗೆ ಸರಿಯಾಗಿ ಸ್ಪಂದಿಸಬಲ್ಲದು ಎಂಬ ಎರಡನ್ನೂ ತೂಗಿ ನೋಡಿ ಲಸಿಕೆಯ ವೇಳಾಪಟ್ಟಿಯನ್ನು ಸಿದ್ಧಪಡಿಸಲಾಗಿದೆ. ಆದ್ದರಿಂದ ಪಟ್ಟಿಯಲ್ಲಿರುವ ದಿನಾಂಕವೂ ಲಸಿಕೆಯಷ್ಟೇ ಮುಖ್ಯವೆಂದು ತಿಳಿಯಬೇಕು.

ಹೆರಿಗೆಗೆ ಮುಂಚೆ ಮತ್ತು ಹುಟ್ಟಿದ ದಿನ

ಮಗುವಿನ ರಕ್ಷಣೆ ಗರ್ಭದಲ್ಲಿರುವಾಗಲೇ ಆರಂಭವಾಗುತ್ತದೆ. ಗರ್ಭಿಣಿಗೆ ಕೊಡುವ ಟಿಡಿ ಚುಚ್ಚುಮದ್ದು ಧನುರ್ವಾಯು ಮತ್ತು ಗಂಟಲಮಾರಿಯ ವಿರುದ್ಧ ಆಕೆಯ ದೇಹದಲ್ಲಿ ರಕ್ಷಕ ಕಣಗಳನ್ನು ಹುಟ್ಟಿಸುತ್ತದೆ. ಅವು ಗರ್ಭದ ಮೂಲಕ ಮಗುವಿಗೆ ಹರಿಯುತ್ತವೆ. ಹೊಕ್ಕುಳಬಳ್ಳಿಯ ಗಾಯದಿಂದ ನವಜಾತ ಶಿಶುಗಳಿಗೆ ಧನುರ್ವಾಯು ತಗಲಿ ಸಾಯುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದಾರೆ. ಸುರಕ್ಷಿತ ಹೆರಿಗೆ ಮತ್ತು ಈ ಚುಚ್ಚುಮದ್ದು ಎರಡೂ ಸೇರಿ ಆ ಪಿಡುಗನ್ನು ಹಿಮ್ಮೆಟ್ಟಿಸಿದವು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ನಿರ್ಮೂಲನೆಯ ಮಟ್ಟಕ್ಕೆ ಇಳಿಸಿದೆಯೆಂದು 2015ರಲ್ಲಿ ದೃಢಪಟ್ಟಿತು.

ಹುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲಿಯೇ ಮೂರು ಲಸಿಕೆಗಳು ಸಿಗಬೇಕು: ಹೆಪಟೈಟಿಸ್ ಬಿ ಚುಚ್ಚುಮದ್ದು, ಬಾಯಿಗೆ ಹಾಕುವ ಪೋಲಿಯೊ ಹನಿ ಮತ್ತು ಕ್ಷಯದ ವಿರುದ್ಧ ಬಿಸಿಜಿ. ಈ ಮೂರರಲ್ಲಿ ಗಡಿಯಾರ ನೋಡಿ ಹಾಕಿಸಬೇಕಾದದ್ದು ಹೆಪಟೈಟಿಸ್ ಬಿ. ತಾಯಿಯ ರಕ್ತದಲ್ಲಿ ಈ ವೈರಸ್ ಇದ್ದರೆ ಹೆರಿಗೆಯ ಸಮಯದಲ್ಲಿ ಅದು ಮಗುವಿಗೆ ದಾಟಬಹುದು, ಹಾಗೆ ಸೋಂಕು ತಗಲಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಮಕ್ಕಳ ದೇಹದಲ್ಲಿ ಅದು ಶಾಶ್ವತವಾಗಿ ಉಳಿದು, ಮುಂದೆ ಯಕೃತ್ತಿನ ಸಿರೋಸಿಸ್ ಅಥವಾ ಕ್ಯಾನ್ಸರ್‌ಗೆ ದಾರಿಯಾಗಬಹುದು. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬಿದ್ದರೆ ಈ ದಾಟುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದು. ಹೆರಿಗೆ ಭಾನುವಾರ ಆಯಿತು, ಹಬ್ಬದ ದಿನ ಆಯಿತು, ನಾಳೆ ಹಾಕೋಣ ಎಂದರೆ ಒಪ್ಪಿಕೊಳ್ಳಬೇಡಿ. ವಿನಯದಿಂದ, ಆದರೆ ಬಿಡದೆ ಕೇಳಿ. ಡಿಸ್ಚಾರ್ಜ್ ಆಗುವ ಮುನ್ನ ಮೂರೂ ಲಸಿಕೆಗಳ ಹೆಸರು ಮತ್ತು ದಿನಾಂಕ ತಾಯಿ ಕಾರ್ಡ್‌ನಲ್ಲಿ ಬರೆದಿದೆಯೇ ಎಂದು ನೋಡಿಕೊಳ್ಳಿ. ಹೆರಿಗೆ ಖಾಸಗಿ ಆಸ್ಪತ್ರೆಯಲ್ಲಿ ಆಗಿದ್ದರೂ ಈ ದಾಖಲೆ ಅಷ್ಟೇ ಅಗತ್ಯ.

ಬಿಸಿಜಿಯ ಬಗ್ಗೆ ಒಂದು ಮಾತು. ಎಡತೋಳಿನ ಮೇಲ್ಭಾಗದಲ್ಲಿ ಹಾಕಿದ ಈ ಲಸಿಕೆಯ ಜಾಗದಲ್ಲಿ ಎರಡರಿಂದ ಆರು ವಾರಗಳ ನಂತರ ಸಣ್ಣ ಗುಳ್ಳೆ ಎದ್ದು, ಒಡೆದು, ನಿಧಾನವಾಗಿ ಮಾಯ್ದು ಕಲೆಯಾಗುತ್ತದೆ. ಕೀವಾಯಿತೆಂದು ಗಾಬರಿಯಾಗಿ ಅದಕ್ಕೆ ಅರಿಸಿನ, ಎಣ್ಣೆ ಅಥವಾ ಮುಲಾಮು ಹಚ್ಚಬೇಕಾಗಿಲ್ಲ, ಹಾಗೆಯೇ ಬಿಡಬೇಕು. ಕೆಲವು ಮಕ್ಕಳಲ್ಲಿ ಕಲೆ ಮೂಡುವುದೇ ಇಲ್ಲ, ಅದಕ್ಕಾಗಿ ಲಸಿಕೆಯನ್ನು ಮತ್ತೊಮ್ಮೆ ಹಾಕಿಸುವ ಅಗತ್ಯವೂ ಇಲ್ಲ.

ಆರು, ಹತ್ತು, ಹದಿನಾಲ್ಕನೆಯ ವಾರ

ಒಂದೂವರೆ ತಿಂಗಳಲ್ಲಿ, ಎರಡೂವರೆ ತಿಂಗಳಲ್ಲಿ, ಮೂರೂವರೆ ತಿಂಗಳಲ್ಲಿ ಎಂದು ಸಿಸ್ಟರ್‌ಗಳು ಹೇಳುವುದು ಈ ಮೂರು ಭೇಟಿಗಳನ್ನೇ. ಮೊದಲನೆಯದೇ ಮನೆಯವರಿಗೆ ಕಠಿಣ ಪರೀಕ್ಷೆ. ಆ ದಿನ ಮಗುವಿಗೆ ಮೂರು ಚುಚ್ಚುಮದ್ದು, ಜೊತೆಗೆ ಬಾಯಿಗೆ ಎರಡು ಲಸಿಕೆ. ಎಡ ತೊಡೆಗೆ ಪೆಂಟಾವೇಲೆಂಟ್. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾ ಹಾಗೂ ಮೆದುಳುಪೊರೆಯ ಉರಿಯೂತ, ಹೀಗೆ ಐದು ಬಗೆಯ ಸೋಂಕುಗಳನ್ನು ತಡೆಯುವ ಒಂದೇ ಚುಚ್ಚುಮದ್ದು ಅದು. ಬಲ ತೊಡೆಗೆ, ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಆದ ನ್ಯುಮೊಕಾಕಸ್ ವಿರುದ್ಧದ ಪಿಸಿವಿ. ಬಲ ತೋಳಿನ ಚರ್ಮದೊಳಗೆ ಅತಿ ಸಣ್ಣ ಪ್ರಮಾಣದ ಪೋಲಿಯೊ ಚುಚ್ಚುಮದ್ದು, ಅಂದರೆ ಐಪಿವಿ. ಬಾಯಿಗೆ ಪೋಲಿಯೊ ಹನಿ ಮತ್ತು ರೋಟಾವೈರಸ್ ಲಸಿಕೆ.

ಇಷ್ಟು ಎಳೆಯ ಕೂಸಿಗೆ ಒಂದೇ ದಿನ ಮೂರು ಸೂಜಿಯೇ ಎಂದು ಅಜ್ಜಿ ಕಣ್ಣೀರು ಹಾಕುವುದು ಸಹಜ. ಒಂದನ್ನು ಇಂದು ಹಾಕಿಸಿ ಇನ್ನೊಂದನ್ನು ಮುಂದಿನ ವಾರಕ್ಕೆ ಉಳಿಸೋಣ ಎಂಬ ಸಲಹೆ ಬರುವುದೂ ಆಗಲೇ. ಒಟ್ಟಿಗೆ ಹಾಕಿದರೆ ಲಸಿಕೆಗಳ ಪರಿಣಾಮ ಕುಂದುವುದಿಲ್ಲ, ಅಪಾಯವೂ ಹೆಚ್ಚುವುದಿಲ್ಲ. ಹುಟ್ಟಿದ ಕ್ಷಣದಿಂದ ಮಗುವಿನ ದೇಹ ಗಾಳಿ, ಹಾಲು, ಹಾಸಿಗೆ, ಎತ್ತಿಕೊಂಡವರ ಕೈ ಎಲ್ಲದರಿಂದಲೂ ಲೆಕ್ಕವಿಲ್ಲದಷ್ಟು ಸೂಕ್ಷ್ಮಾಣುಗಳನ್ನು ಎದುರಿಸುತ್ತಲೇ ಇರುತ್ತದೆ. ಅದರ ಮುಂದೆ ಈ ಐದು ಲಸಿಕೆಗಳ ಹೊರೆ ಬಹಳ ಚಿಕ್ಕದು. ಬಿಡಿಬಿಡಿಯಾಗಿ ಹಾಕಿಸಿದರೆ ಮಗು ಅಳುವ ದಿನಗಳು ಹೆಚ್ಚುತ್ತವೆ, ರಕ್ಷಣೆಯಿಲ್ಲದ ದಿನಗಳೂ ಹೆಚ್ಚುತ್ತವೆ.

ಬಾಣಂತಿಯೂ ಮಗುವೂ ಮೂರು ತಿಂಗಳು ಹೊಸಿಲು ದಾಟಬಾರದು ಎಂಬ ಪದ್ಧತಿ ಇರುವ ಮನೆಗಳಲ್ಲಿ ಈ ಭೇಟಿಯೇ ತಪ್ಪಿಹೋಗುತ್ತದೆ. ಹಿರಿಯರ ಕಾಳಜಿಯ ಮೂಲ ಹೊರಗಿನ ಸೋಂಕು ಕೂಸಿಗೆ ತಗಲದಿರಲಿ ಎಂಬುದೇ ಆಗಿದೆ, ಲಸಿಕೆಯ ಉದ್ದೇಶವೂ ಅದೇ. ಇದನ್ನು ವಾದಕ್ಕೆ ಇಳಿಯದೆ, ಲಸಿಕೆಯ ದಿನಕ್ಕೆ ನಾಲ್ಕೈದು ದಿನ ಮುಂಚೆಯೇ ಅತ್ತೆಯವರಿಗೋ ತಾಯಿಗೋ ಸಮಾಧಾನವಾಗಿ ಹೇಳಿದರೆ, ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಅವರೇ ಜೊತೆಗೆ ಬರುತ್ತಾರೆ.

ಹತ್ತನೆಯ ವಾರದಲ್ಲಿ ಪೆಂಟಾವೇಲೆಂಟ್, ಪೋಲಿಯೊ ಹನಿ ಮತ್ತು ರೋಟಾವೈರಸ್ ಲಸಿಕೆಗಳ ಎರಡನೆಯ ಡೋಸ್. ಹದಿನಾಲ್ಕನೆಯ ವಾರದಲ್ಲಿ ಆ ಮೂರರ ಮೂರನೆಯ ಡೋಸ್, ಅದರೊಡನೆ ಪಿಸಿವಿ ಮತ್ತು ಐಪಿವಿಯ ಎರಡನೆಯ ಡೋಸ್. ಒಂದು ಡೋಸಿಗೂ ಇನ್ನೊಂದಕ್ಕೂ ಕನಿಷ್ಠ ನಾಲ್ಕು ವಾರಗಳ ಅಂತರ ಇರಲೇಬೇಕಾದ್ದರಿಂದ, ಊರಿಗೆ ಹೋಗುವ ಅವಸರದಲ್ಲಿ ಅದಕ್ಕೂ ಮುಂಚೆ ಹಾಕಿಸುವಂತಿಲ್ಲ. ಮೊದಲ ಡೋಸ್ ದೇಹಕ್ಕೆ ಶತ್ರುವಿನ ಗುರುತು ಹೇಳಿಕೊಡುತ್ತದೆ, ನಂತರದ ಡೋಸ್‌ಗಳು ಆ ಗುರುತನ್ನು ಗಟ್ಟಿ ಮಾಡುತ್ತವೆ. ಒಂದನ್ನೋ ಎರಡನ್ನೋ ಹಾಕಿಸಿ ಕೈಬಿಟ್ಟರೆ ಮಗುವಿಗೆ ದೊರೆತಿರುವುದು ಅರೆಬರೆ ರಕ್ಷಣೆ.

ತವರಿನಿಂದ ಹೊರಡುವವರು ಈ ಸುತ್ತಿನ ಮಟ್ಟಿಗೆ ಮಾಡಬೇಕಾದದ್ದು ಇಷ್ಟೇ: ಪ್ರಯಾಣದ ದಿನವನ್ನು ನಿಗದಿಮಾಡುವಾಗ ಪಂಚಾಂಗದ ಜೊತೆಗೆ ತಾಯಿ ಕಾರ್ಡನ್ನೂ ತೆರೆದು ನೋಡುವುದು. ಹದಿನಾಲ್ಕನೆಯ ವಾರ ಹತ್ತಿರದಲ್ಲಿದ್ದರೆ ಲಸಿಕೆ ಮುಗಿಸಿಯೇ ಹೊರಡಬಹುದು. ಮೊದಲೇ ಹೊರಡಬೇಕಾದರೆ ಗಂಡನ ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಫೋನಿನಲ್ಲಿ ತಿಳಿಸಿ ಹೆಸರು ಸೇರಿಸಿಕೊಳ್ಳಲು ಹೇಳಬೇಕು. ಸರ್ಕಾರಿ ಲಸಿಕೆ ಯಾವ ಊರಿನಲ್ಲಾದರೂ ಉಚಿತ. ಕಬ್ಬು ಕಟಾವಿಗೆ, ಕಾಫಿ ತೋಟಕ್ಕೆ ಅಥವಾ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ವಲಸೆ ಹೋಗುವ ಕುಟುಂಬದವರೂ ತಾವಿರುವ ಜಾಗದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಿ ಪಡೆಯಬಹುದು.

ಒಂಬತ್ತನೆಯ ತಿಂಗಳು ಮತ್ತು ಆಮೇಲೆ

ಹದಿನಾಲ್ಕನೆಯ ವಾರದ ನಂತರ ಐದು ತಿಂಗಳಿಗೂ ಹೆಚ್ಚು ಕಾಲ ಯಾವ ಭೇಟಿಯೂ ಇರುವುದಿಲ್ಲ, ಮರೆವು ಬರುವುದೂ ಸುಲಭ. ಒಂಬತ್ತು ತಿಂಗಳು ತುಂಬಿದೊಡನೆ ದಡಾರ ಮತ್ತು ರುಬೆಲ್ಲಾ ವಿರುದ್ಧದ ಎಂಆರ್ ಲಸಿಕೆಯ ಮೊದಲ ಡೋಸ್, ಪಿಸಿವಿಯ ಬೂಸ್ಟರ್ (ಹಿಂದಿನ ರಕ್ಷಣೆಯನ್ನು ಮತ್ತೆ ಬಲಪಡಿಸುವ ಡೋಸ್), ಐಪಿವಿಯ ಮೂರನೆಯ ಡೋಸ್ ಮತ್ತು ವಿಟಮಿನ್ ಎ ದ್ರಾವಣದ ಮೊದಲ ಡೋಸ್ ಕೊಡಿಸಬೇಕು. ಸೊಳ್ಳೆಯಿಂದ ಹರಡುವ ಜಪಾನೀಸ್ ಮೆದುಳು ಜ್ವರದ ಹಾವಳಿ ಗುರುತಿಸಲಾದ ಜಿಲ್ಲೆಗಳಲ್ಲಿ ಅದರ ಲಸಿಕೆಯೂ ಇದೇ ದಿನ ಸಿಗುತ್ತದೆ. ನಿಮ್ಮ ಜಿಲ್ಲೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಆಶಾ ಕಾರ್ಯಕರ್ತೆ ಹೇಳಬಲ್ಲರು. ಐಪಿವಿಯ ಈ ಮೂರನೆಯ ಡೋಸ್ 2023ರಿಂದ ಸೇರಿರುವುದರಿಂದ, ಮೊದಲ ಮಗುವಿನ ಕಾರ್ಡನ್ನು ನೋಡಿ ಎರಡನೆಯ ಮಗುವಿನ ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ದಡಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳುವುದು ಅವಶ್ಯಕ. ನಮ್ಮ ಹಳ್ಳಿಗಳಲ್ಲಿ ಇದನ್ನು ಅಮ್ಮ ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಆಸ್ಪತ್ರೆಗೆ ತೋರಿಸದೆ ಮನೆಯಲ್ಲೇ ಇರಿಸಿಕೊಳ್ಳುವ ರೂಢಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಭಕ್ತಿಯನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ದಡಾರ ಬಂದ ಮಗುವಿಗೆ ನ್ಯುಮೋನಿಯಾ, ತೀವ್ರ ಭೇದಿ, ಕುರುಡುತನ, ಮೆದುಳಿನ ಉರಿಯೂತ ಉಂಟಾಗುವ ಸಾಧ್ಯತೆಯಿದೆ, ವೈದ್ಯರ ಆರೈಕೆಯೂ ವಿಟಮಿನ್ ಎ ಕೂಡ ಬೇಕಾಗುತ್ತವೆ. ಇಷ್ಟಕ್ಕೇ ಮುಗಿಯುವುದಿಲ್ಲ. ಬೇರೆ ರೋಗಗಳ ವಿರುದ್ಧ ದೇಹ ಅದುವರೆಗೆ ಗಳಿಸಿಕೊಂಡಿದ್ದ ನೆನಪನ್ನೂ ಈ ವೈರಸ್ ಅಳಿಸಿಹಾಕುವುದರಿಂದ, ಗುಣವಾದ ಮಗು ಮುಂದೆ ಹಲವು ತಿಂಗಳುಗಳ ಕಾಲ ಇತರ ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ಉಳಿಯಬಲ್ಲ ಈ ವೈರಸ್, ರಕ್ಷಣೆಯಿಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲದು. ಅದಕ್ಕಾಗಿಯೇ ಒಂದು ಊರಿನಲ್ಲಿ ದಡಾರ ತಲೆಯೆತ್ತದಿರಬೇಕಾದರೆ ನೂರಕ್ಕೆ 95ರಷ್ಟು ಮಂದಿಗೆ ರಕ್ಷಣೆ ಇರಬೇಕು ಎನ್ನುತ್ತಾರೆ. ಲಸಿಕೆ ಪಡೆಯಲಾಗದ ಕೂಸುಗಳನ್ನು ಕಾಯುವುದು ಪಡೆದ ಈ ಮಕ್ಕಳೇ.

ಒಂಬತ್ತು ತಿಂಗಳಿಗೆ ಮುಂಚೆ ಇದನ್ನೇಕೆ ಹಾಕುವುದಿಲ್ಲ ಎಂದು ಕೇಳುವವರಿದ್ದಾರೆ. ತಾಯಿಯಿಂದ ಬಂದ ರಕ್ಷಕ ಕಣಗಳು ಅಲ್ಲಿಯವರೆಗೆ ಮಗುವಿನ ರಕ್ತದಲ್ಲಿ ಉಳಿದಿದ್ದು ಲಸಿಕೆಯನ್ನು ನೆಲೆಗೊಳ್ಳಲು ಬಿಡುವುದಿಲ್ಲ. ಒಂಬತ್ತನೆಯ ತಿಂಗಳ ಡೋಸ್ ಕೂಡ ಎಲ್ಲ ಮಕ್ಕಳಲ್ಲಿ ಫಲಿಸದ ಕಾರಣ 16ರಿಂದ 24 ತಿಂಗಳೊಳಗೆ ಎರಡನೆಯ ಎಂಆರ್ ಬೇಕೇ ಬೇಕು. ಅದೇ ಭೇಟಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರರ ವಿರುದ್ಧದ ಡಿಪಿಟಿಯ ಮೊದಲ ಬೂಸ್ಟರ್ ಮತ್ತು ಪೋಲಿಯೊ ಹನಿಯ ಬೂಸ್ಟರ್ ಇರುತ್ತವೆ; ವಿಟಮಿನ್ ಎ ಅಲ್ಲಿಂದ ಮುಂದೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ರುಬೆಲ್ಲಾ ಮಗುವಿಗೆ ಅಷ್ಟಾಗಿ ತೊಂದರೆ ಕೊಡದ ರೋಗವಾದರೂ ಗರ್ಭಿಣಿಗೆ ತಗಲಿದರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದಾದ್ದರಿಂದ ಅದನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಟ್ಟಿಗೆ ಕೊಡಲಾಗುತ್ತದೆ. ಈ ಜೋಡಿ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ದೇಶದಲ್ಲಿ ಆರಂಭವಾದಾಗ ಮೊದಲ ಹಂತದಲ್ಲಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಪಲ್ಸ್ ಪೋಲಿಯೊ ಭಾನುವಾರದಂದು ಬೂತಿನಲ್ಲಿ ಹನಿ ಹಾಕಿಸಿ, ಬೆರಳಿಗೆ ಶಾಯಿ ಗುರುತು ಹಾಕಿಸಿಕೊಂಡು ಬಂದರೆ ಮಗುವಿನ ಲಸಿಕೆಯೆಲ್ಲ ಮುಗಿಯಿತೆಂದು ಭಾವಿಸುವವರು ಇದ್ದಾರೆ. ಅದು ಹೆಚ್ಚುವರಿ ಹನಿ ಮಾತ್ರ. ಕಾರ್ಡ್‌ನಲ್ಲಿರುವ ಯಾವ ಡೋಸಿಗೂ ಬದಲಿಯಲ್ಲ. ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಆದರೂ ನೆರೆಯ ಪಾಕಿಸ್ತಾನ ಮತ್ತು ಅಫ್ಗಾನಿಸ್ತಾನಗಳಿಂದ ಆ ವೈರಸ್ ಇನ್ನೂ ತೊಲಗಿಲ್ಲವಾದ್ದರಿಂದ ಎರಡೂ ಬಗೆಯ ಪೋಲಿಯೊ ಲಸಿಕೆಗಳು ಮುಂದುವರಿದಿವೆ.

ಲಸಿಕೆಯ ದಿನ

ಕರ್ನಾಟಕದಲ್ಲಿ ಬಹುತೇಕ ಕಡೆ ಗುರುವಾರ ಲಸಿಕಾ ದಿನ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಉಪಕೇಂದ್ರದಲ್ಲಿ ಅಥವಾ ಸರದಿಯ ಪ್ರಕಾರ ಅಂಗನವಾಡಿಯಲ್ಲಿ ಹಾಕುತ್ತಾರೆ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ತೊಡೆ ಮತ್ತು ತೋಳು ಸುಲಭವಾಗಿ ಸಿಗುವಂಥ ಸಡಿಲ ಬಟ್ಟೆ ತೊಡಿಸಿ. ಚುಚ್ಚುವಾಗ ಮಗುವನ್ನು ಮಡಿಲಲ್ಲಿ ಹಿಡಿದು ಎದೆಹಾಲು ಕುಡಿಸಿದರೆ ನೋವು ಕಡಿಮೆಯಾಗುತ್ತದೆ; ಬಾಯಿಗೆ ಹಾಕುವ ಲಸಿಕೆಗಳಿಗೂ ಎದೆಹಾಲಿನಿಂದ ಅಡ್ಡಿಯಿಲ್ಲ.

ಸಿಸ್ಟರ್‌ಗೆ ನೀವಾಗಿಯೇ ಹೇಳಬೇಕಾದ ಸಂಗತಿಗಳಿವೆ: ಹಿಂದಿನ ಡೋಸಿನ ನಂತರ ಮಗುವಿಗೆ ಫಿಟ್ಸ್ ಬಂದಿತ್ತೇ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತೇ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಕಾಯಿಲೆ ಇದೆಯೇ, ದೀರ್ಘಕಾಲದಿಂದ ಸ್ಟೀರಾಯ್ಡ್ ಕೊಡುತ್ತಿದ್ದೀರಾ, ಕರುಳು ಮಡಚಿಕೊಂಡು ಚಿಕಿತ್ಸೆ ಪಡೆದಿತ್ತೇ. ಇವುಗಳಲ್ಲಿ ಯಾವುದಿದ್ದರೂ ವೈದ್ಯರು ನೋಡಿ ತೀರ್ಮಾನಿಸಬೇಕು. ಆಸ್ಪತ್ರೆಗೆ ಸೇರಿಸುವಷ್ಟು ತೀವ್ರ ಕಾಯಿಲೆಯಿದ್ದರೆ ಗುಣವಾಗುವವರೆಗೆ ಮುಂದೂಡಬೇಕು. ಇವನ್ನು ಬಿಟ್ಟರೆ ನೆಗಡಿ, ಸಣ್ಣ ಜ್ವರ, ಸ್ವಲ್ಪ ಭೇದಿ, ಆಂಟಿಬಯೋಟಿಕ್ ಕೊಡುತ್ತಿರುವುದು, ತೂಕ ಕಡಿಮೆಯಿರುವುದು, ಇವಾವುವೂ ಮುಂದೂಡಲು ಕಾರಣಗಳಲ್ಲ. ತೂಕ ಕಡಿಮೆಯಿರುವ ಮಗುವಿಗೆ ಸೋಂಕಿನ ಅಪಾಯ ಹೆಚ್ಚಾಗಿರುವುದರಿಂದ ಲಸಿಕೆಯ ಅಗತ್ಯವೂ ಹೆಚ್ಚು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೂ ವಾರಗಳನ್ನು ಎಣಿಸಬೇಕಾದದ್ದು ಹುಟ್ಟಿದ ದಿನದಿಂದಲೇ.

ನಿಮ್ಮ ಕಣ್ಣೆದುರೇ ಹೊಸ ಸಿರಿಂಜಿನ ಪೊಟ್ಟಣ ಒಡೆಯುವುದನ್ನು ನೋಡಬಹುದು. ಒಮ್ಮೆ ಬಳಸಿದ ಮೇಲೆ ತಾನಾಗಿಯೇ ಕೆಟ್ಟುನಿಲ್ಲುವ ಸಿರಿಂಜ್ ಅದು. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೊಂದು ಚೌಕ ಇರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿ ತಾಗಿ ಕೆಟ್ಟಿಲ್ಲವೆಂದು ಅರ್ಥ. ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಲಸಿಕೆ ಹಾಕಿದರು, ಏನು ತೊಂದರೆ ಕಾಣಬಹುದು, ಮುಂದಿನ ದಿನ ಯಾವುದು, ಎಲ್ಲಿ ಎಂಬುದನ್ನು ಕೇಳಿ ತಿಳಿದುಕೊಂಡು, ಲಸಿಕೆಗಳ ದಾಖಲೆಯಿಡುವ ಸರ್ಕಾರದ ಯು-ವಿನ್ ಪೋರ್ಟಲ್‌ನಲ್ಲಿ ಮೊಬೈಲ್ ಸಂಖ್ಯೆಯೊಂದಿಗೆ ನೋಂದಾಯಿಸಿಕೊಳ್ಳಿರಿ. ಕಾರ್ಡಿನ ಫೋಟೊ ತೆಗೆದು ತಂದೆಯ ಫೋನಿನಲ್ಲೂ ಇಡಿ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಅಪರೂಪಕ್ಕೆ ಬರುವ ತೀವ್ರ ಅಲರ್ಜಿ ಸಾಮಾನ್ಯವಾಗಿ ಆ ಅವಧಿಯಲ್ಲೇ ಕಾಣಿಸಿಕೊಳ್ಳುತ್ತದೆ ಮತ್ತು ಅಲ್ಲಿ ಅದಕ್ಕೆ ತಕ್ಷಣ ಚಿಕಿತ್ಸೆ ಸಿಗುತ್ತದೆ.

ಮನೆಗೆ ಬಂದ ಮೇಲೆ

ಪೆಂಟಾವೇಲೆಂಟ್ ಮತ್ತು ಡಿಪಿಟಿಯ ನಂತರ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಊತ ಮತ್ತು ನೋವು, ಕಿರಿಕಿರಿ ಇರುತ್ತವೆ. ಎಂಆರ್ ನಂತರದ ಜ್ವರ ಮತ್ತು ಸಣ್ಣ ದದ್ದು ಬರುವುದು ಒಂದು ವಾರ ಕಳೆದ ಮೇಲೆ. ಎದೆಹಾಲನ್ನು ಹೆಚ್ಚು ಬಾರಿ ಕೊಡಿ, ತೆಳುವಾದ ಬಟ್ಟೆ ತೊಡಿಸಿ, ಊದಿದ ಜಾಗಕ್ಕೆ ತಣ್ಣೀರಿನ ಶುಭ್ರ ಬಟ್ಟೆ ಇಡಿ. ಬಿಸಿ ಶಾಖ ಕೊಡುವುದು, ತಿಕ್ಕುವುದು ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಮಗುವಿನ ತೂಕಕ್ಕೆ ತಕ್ಕಂತೆ ಸಿಸ್ಟರ್ ಅಥವಾ ವೈದ್ಯರು ಹೇಳಿದ ಪ್ರಮಾಣದಲ್ಲಿ. ಹನಿಯ ಬಾಟಲಿಯಲ್ಲಿರುವ ಔಷಧ ಸಿರಪ್ಪಿಗಿಂತ ಬಹಳ ಗಾಢವಾಗಿರುವುದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸಿದರೆ ಅಪಾಯವಾಗುತ್ತದೆ. ಆಸ್ಪಿರಿನ್ ಕೊಡಲೇಬಾರದು.

ಮಗು ಮೂರು ಗಂಟೆಗೂ ಮೀರಿ ಸಮಾಧಾನವಿಲ್ಲದೆ ಅತ್ತರೆ, ಹಾಲು ಕುಡಿಯದಿದ್ದರೆ, ಮಂಕಾಗಿ ಜೋತುಬಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಅಥವಾ ಜ್ವರ ಎರಡು ದಿನ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತಾಗಿದ್ದರೆ 108ಕ್ಕೆ ಕರೆ ಮಾಡಬೇಕು. ಇಂಥ ತೊಂದರೆ ಆದದ್ದನ್ನು ಆಶಾ ಕಾರ್ಯಕರ್ತೆಗೂ ತಿಳಿಸಿದರೆ ಅದು ದಾಖಲಾಗಿ ಪರಿಶೀಲನೆಗೆ ಹೋಗುತ್ತದೆ.

ದಿನ ತಪ್ಪಿಹೋಗಿದ್ದರೆ

ಬೈಯುತ್ತಾರೆಂಬ ಭಯದಿಂದ ಕೇಂದ್ರಕ್ಕೆ ಹೋಗುವುದನ್ನೇ ಬಿಟ್ಟ ತಾಯಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪಿದ ಲಸಿಕೆಗಳನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಬಿಸಿಜಿಯನ್ನು ಒಂದು ವರ್ಷದವರೆಗೂ ಹಾಕುತ್ತಾರೆ. ಪೆಂಟಾವೇಲೆಂಟ್ ಮತ್ತು ರೋಟಾವೈರಸ್ ಲಸಿಕೆಗಳ ಮೊದಲ ಡೋಸ್ ಒಂದು ವರ್ಷದೊಳಗೆ ಬಿದ್ದಿದ್ದರೆ ಉಳಿದವುಗಳನ್ನು ಆಮೇಲೆ ಪೂರ್ಣಗೊಳಿಸಬಹುದು. ಎಂಆರ್ ಮತ್ತು ಪೋಲಿಯೊ ಹನಿಗೆ ಐದು ವರ್ಷದವರೆಗೆ, ಡಿಪಿಟಿಗೆ ಏಳು ವರ್ಷದವರೆಗೆ ಅವಕಾಶವಿದೆ. ಕಾರ್ಡ್ ಕಳೆದಿದ್ದರೆ ಕೇಂದ್ರದ ದಾಖಲೆಯಿಂದ ಅಥವಾ ಯು-ವಿನ್‌ನಿಂದ ಮತ್ತೆ ಬರೆಸಿಕೊಳ್ಳಬಹುದು.

ಖಾಸಗಿಯಾಗಿ ಹಾಕಿಸುವವರಿಗೆ ಮಕ್ಕಳ ವೈದ್ಯರು ವಿಷಮಶೀತ ಜ್ವರ, ಸೀತಾಳೆ ಸಿಡುಬು, ಹೆಪಟೈಟಿಸ್ ಎ, ಫ್ಲೂ, ಮಂಗನಬಾವು ಸೇರಿದ ಎಂಎಂಆರ್ ಮುಂತಾದ ಹೆಚ್ಚುವರಿ ಲಸಿಕೆಗಳನ್ನೂ ಸೂಚಿಸುತ್ತಾರೆ. ಕೈಲಾದರೆ ಹಾಕಿಸುವುದು ಒಳ್ಳೆಯದೇ. ಆದರೆ ಉಚಿತವೆಂಬ ಕಾರಣಕ್ಕೆ ಸರ್ಕಾರಿ ಲಸಿಕೆ ಕಳಪೆಯೆಂದು ಭಾವಿಸುವುದು ತಪ್ಪು. ನೋವಿಲ್ಲದ್ದೆಂದು ಮಾರುವ ಡಿಪಿಟಿ ಬಗೆಯ ಲಸಿಕೆಯಲ್ಲಿ ಜ್ವರ ಕಡಿಮೆ ಎಂಬುದು ನಿಜ, ಅದು ಕೊಡುವ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯುತ್ತದೆ ಎಂಬುದೂ ಅಷ್ಟೇ ನಿಜ. ಹಣಕ್ಕೆ ಮುಗ್ಗಟ್ಟಿದ್ದರೆ ಸಾಲ ಮಾಡಿ ಖಾಸಗಿಗೆ ಹೋಗುವುದಕ್ಕಿಂತ ಸರ್ಕಾರಿ ಪಟ್ಟಿಯನ್ನು ದಿನ ತಪ್ಪದೆ ಪೂರ್ಣಗೊಳಿಸುವುದೇ ಮೇಲು.

ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ವಾಟ್ಸಾಪ್‌ನಲ್ಲಿ ಇನ್ನೂ ಓಡಾಡುತ್ತಿದೆ. ಅದರ ಮೂಲ 1998ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ. ಅದನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ಆಮೇಲೆ ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡುಬಂದಿಲ್ಲ. ಇಂಥ ಅಂಜಿಕೆ ಹೊಸದೇನಲ್ಲ. ಸಿಡುಬಿನ ಲಸಿಕೆ ನಮ್ಮ ನಾಡಿಗೆ ಬಂದ ಆರಂಭದಲ್ಲೂ ಜನ ಹಿಂಜರಿದಿದ್ದರು. 1805ರ ಸುಮಾರಿನಲ್ಲಿ ರಚಿತವಾದ, ಮೈಸೂರು ಅರಮನೆಯ ಮೂವರು ರಾಣಿಯರದೆನ್ನಲಾದ ಒಂದು ತೈಲಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡದ್ದರ ಸೂಚನೆಯೆಂದು ಇತಿಹಾಸಕಾರರು ಓದಿದ್ದಾರೆ. ಆ ಸಿಡುಬು ಇಂದು ಭೂಮಿಯ ಮೇಲಿಲ್ಲ.

ಎರಡು ವರ್ಷ ತುಂಬಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಕಾರ್ಡ್ ಬೀರುವಿನ ತಳ ಸೇರುತ್ತದೆ. ಇನ್ನೂ ಮೂರು ದಿನಗಳು ಬಾಕಿಯಿವೆ: ಐದರಿಂದ ಆರು ವರ್ಷದೊಳಗೆ ಡಿಪಿಟಿಯ ಎರಡನೆಯ ಬೂಸ್ಟರ್, ಹತ್ತನೆಯ ವರ್ಷಕ್ಕೆ ಟಿಡಿ, ಹದಿನಾರನೆಯ ವರ್ಷಕ್ಕೆ ಮತ್ತೊಂದು ಟಿಡಿ. ಗಂಟಲಮಾರಿ ನಮ್ಮ ರಾಜ್ಯದಲ್ಲಿ ಇಂದಿಗೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತಿರುವುದು ಈ ಬೂಸ್ಟರ್‌ಗಳು ತಪ್ಪಿದ ಕಡೆಗಳಲ್ಲೇ ಹೆಚ್ಚು, ಏಕೆಂದರೆ ಕೂಸಾಗಿದ್ದಾಗ ಪಡೆದ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಒಂದನೆಯ ತರಗತಿಗೆ ಸೇರಿಸುವಾಗ ಆಧಾರ್ ಮತ್ತು ಜನನ ಪ್ರಮಾಣಪತ್ರ ಹುಡುಕಿ ತೆಗೆಯುತ್ತೀರಲ್ಲ, ಅದೇ ದಿನ ತಾಯಿ ಕಾರ್ಡನ್ನೂ ಹೊರತೆಗೆದು, ಮೊದಲ ಪುಟದಿಂದ ಖಾಲಿ ಉಳಿದ ಚೌಕಗಳನ್ನು ನೋಡಿ, ಮುಂದಿನ ಗುರುವಾರವೇ ಮಗುವನ್ನು ಕರೆದುಕೊಂಡು ಹೋಗಿ.